ಜಮೀನಿನ ಹಕ್ಕುಪರಂಪರೆಯನ್ನು ಶೋಧಿಸುವ ಕ್ರಮ

(ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳ ರೈತರ ತಿಳಿವಳಿಕೆಗಾಗಿ)

ಬೀಜವನ್ನು ಪರೀಕ್ಷಿಸದೆ ನೆಲಕ್ಕೆ ಹಾಕುವ ರೈತನು ವಿರಳ. ಎತ್ತನ್ನು ಕೊಳ್ಳುವಾಗ ಅದರ ಹಲ್ಲು, ಸುಳಿ, ನಡಿಗೆಗಳನ್ನು ನೋಡದೆ ಹಣವನ್ನು ಕೊಡುವವನೂ ಇಲ್ಲ. ಆದರೆ ತನ್ನ ಆಯುಷ್ಯದ ಸಂಪಾದನೆಯನ್ನೆಲ್ಲ ಸುರಿದು ಎರಡು ಎಕರೆ ಜಮೀನನ್ನು ಕೊಳ್ಳತಕ್ಕ ಅದೇ ರೈತನು, ಮಾರುವವನ ಕೈಯಲ್ಲಿರುವ ಒಂದು ಹಾಳೆ ಪಹಣಿಯನ್ನು ನೋಡಿ ತೃಪ್ತನಾಗುವುದನ್ನು ನಾವು ಆಗಾಗ್ಗೆ ಕಾಣುತ್ತೇವೆ. ಇದರಿಂದ ಒದಗುವ ಕಷ್ಟನಷ್ಟಗಳು ಅಲ್ಪವಾದುವಲ್ಲ.

2008ರಲ್ಲಿ ದೇವನಹಳ್ಳಿಯ ಬಳಿ ವಿಮಾನನಿಲ್ದಾಣವು ಪ್ರಾರಂಭವಾದ ತರುವಾಯ ಮೇಲ್ಕಂಡ ತಾಲ್ಲೂಕುಗಳಲ್ಲಿ ಭೂಮಿಯ ಬೆಲೆಯು ಬಹಳವಾಗಿ ಏರಿದೆ. ದ್ರಾಕ್ಷಿಯ ತೋಟ, ಹಿಪ್ಪುನೇರಳೆಯ ಕಡ್ಡಿ, ರಾಗಿಯ ಹೊಲ ಎಂಬ ಭೇದವಿಲ್ಲದೆ ಎಲ್ಲಕ್ಕೂ ಕೊಳ್ಳುವವರು ಉಂಟು. ಬೆಲೆಯಿಲ್ಲದ ಕಾಲದಲ್ಲಿ ಬಾಯಿಮಾತಿನಿಂದ ನಡೆದುಹೋದ ಪಾಲುಗಳೂ, ಖಾತೆ ಬದಲಾಗದೆ ಉಳಿದ ಕ್ರಯಗಳೂ, ಮರೆತುಹೋದ ಷರತ್ತುಗಳೂ ಈಗ ಒಂದೊಂದಾಗಿ ಮೇಲಕ್ಕೆ ಬಂದು ನ್ಯಾಯಸ್ಥಾನದ ಮೆಟ್ಟಿಲನ್ನು ಹತ್ತುತ್ತಿವೆ. ಕೊಳ್ಳುವವನಿಗೆ ಮಾತ್ರವೇ ಅಲ್ಲದೆ, ತನ್ನ ಹಿರಿಯರ ಜಮೀನನ್ನು ಉಳಿಸಿಕೊಳ್ಳಬೇಕಾದ ಬಡ ರೈತನಿಗೂ ಹಳೆಯ ದಾಖಲೆಗಳನ್ನು ಶೋಧಿಸುವ ಕ್ರಮವು ತಿಳಿದಿರಬೇಕಾದದ್ದು ಅವಶ್ಯಕ. ಆ ಕ್ರಮವನ್ನು ಇಲ್ಲಿ ಸಂಕ್ಷೇಪವಾಗಿ ವಿವರಿಸಲಾಗಿದೆ.

1. ಪಹಣಿಯೊಂದೇ ಹಕ್ಕಿಗೆ ಆಧಾರವಲ್ಲ

ಪಹಣಿಯು ಕಂದಾಯದ ಲೆಕ್ಕಕ್ಕಾಗಿ ಹುಟ್ಟಿದ ಪತ್ರ. 1964ರ ಕರ್ನಾಟಕ ಭೂಕಂದಾಯ ಶಾಸನದ 133ನೆಯ ಪ್ರಕರಣದ ಮೇರೆಗೆ ಅದರಲ್ಲಿರುವ ದಾಖಲೆಯನ್ನು, ತಪ್ಪೆಂದು ರುಜುವಾತಾಗುವವರೆಗೆ, ನಿಜವೆಂದು ಭಾವಿಸತಕ್ಕದ್ದು. ಆದರೆ ತಪ್ಪೆಂದು ತೋರಿಸುವುದಕ್ಕೆ ಅವಕಾಶವುಂಟೆಂಬುದೂ ಇದರಿಂದಲೇ ಸ್ಪಷ್ಟವಾಗುತ್ತದೆ. ಖಾತೆ ಬದಲಾವಣೆಯಿಂದ ಸ್ವಾಮ್ಯವು ಹುಟ್ಟುವುದೂ ಇಲ್ಲ, ಅಳಿಯುವುದೂ ಇಲ್ಲ, ಅದು ಕಂದಾಯವನ್ನು ಯಾರಿಂದ ವಸೂಲು ಮಾಡಬೇಕೆಂಬುದಕ್ಕೆ ಮಾತ್ರ ಸಂಬಂಧಪಟ್ಟುದೆಂದು ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ ತೀರ್ಮಾನಿಸಿರುತ್ತದೆ.

ಹಾಗಾದರೆ ಹಕ್ಕಿಗೆ ಆಧಾರವೇನು? ಒಂದು ಪತ್ರವಲ್ಲ, ಪತ್ರಗಳ ಸರಪಣಿ. ಈ ಹೊತ್ತಿನ ಹಿಡುವಳಿದಾರನಿಗೆ ಜಮೀನು ಯಾರಿಂದ ಬಂದಿತು, ಅವನಿಗೆ ಯಾರಿಂದ ಬಂದಿತು, ಎಂದು ಹಿಂದಕ್ಕೆ ಹೋಗುತ್ತ, ಸರ್ಕಾರದಿಂದಲೋ ಇನಾಂದಾರನಿಂದಲೋ ಪೂರ್ವಿಕರಿಂದಲೋ ಆ ಹಿಡುವಳಿಯು ಮೊಟ್ಟಮೊದಲು ಉಂಟಾದ ಮೂಲದವರೆಗೂ ಒಂದು ಕೊಂಡಿಯೂ ಕಳಚದೆ ಕೂಡಿಬರಬೇಕು.

2. ಕಂದಾಯ ದಾಖಲೆಗಳಲ್ಲಿ ಹಿಂದಕ್ಕೆ ಹೋಗುವ ಬಗೆ

ಮೊದಲು ಚಾಲ್ತಿ ಪಹಣಿಯನ್ನು ತೆಗೆದುಕೊಳ್ಳಬೇಕು. ಅದರಲ್ಲಿ 9ನೆಯ ಅಂಕಣದಲ್ಲಿ ಸ್ವಾಧೀನದಾರರ ಹೆಸರೂ, 10ನೆಯದರಲ್ಲಿ ಸ್ವಾಧೀನತೆಯು ಬಂದ ರೀತಿಯೂ, 11ನೆಯದರಲ್ಲಿ ಇತರ ಹಕ್ಕುಗಳೂ ಋಣಗಳೂ, 12ನೆಯದರಲ್ಲಿ ಸಾಗುವಳಿದಾರರ ವಿವರವೂ ಇರುತ್ತವೆ. ಸಾಮಾನ್ಯವಾಗಿ ಜನರು ಹೆಸರನ್ನು ಮಾತ್ರ ನೋಡಿ ಬಿಡುತ್ತಾರೆ. ಶೋಧಕ್ಕೆ ಮುಖ್ಯವಾದದ್ದು 10ನೆಯ ಅಂಕಣ. ಏಕೆಂದರೆ ಅಲ್ಲಿ ಕಾಣಿಸಿರುವ ಎಂ. ಆರ್. ಸಂಖ್ಯೆಯೇ ಹಿಂದಿನ ಬಾಗಿಲಿಗೆ ಬೀಗದ ಕೈ. ಆ ಸಂಖ್ಯೆಯ ಮ್ಯುಟೇಶನ್ ದಾಖಲೆಯ ನಕಲನ್ನು ಪಡೆದರೆ ಖಾತೆಯು ಕ್ರಯದಿಂದ ಬದಲಾಯಿತೇ, ವಿಭಾಗದಿಂದಲೇ, ಪೌತಿಯಿಂದಲೇ, ನ್ಯಾಯಾಲಯದ ಹುಕುಮಿನಿಂದಲೇ ಎಂಬುದು ತಿಳಿಯುತ್ತದೆ.

ಭೂಮಿ ಎಂಬ ಯೋಜನೆಯ ಮೂಲಕ ಪಹಣಿಗಳು ಗಣಕಯಂತ್ರಕ್ಕೆ ಸೇರಿದ್ದು 2000ನೆಯ ಇಸವಿಯ ಸುಮಾರಿಗೆ. ಅದಕ್ಕೆ ಹಿಂದಿನವು ಶಾನುಭೋಗರೂ ಅವರ ತರುವಾಯ ಗ್ರಾಮಲೆಕ್ಕಿಗರೂ ಕೈಯಿಂದ ಬರೆದವು. ಇವುಗಳ ನಕಲನ್ನು ತಾಲ್ಲೂಕು ಕಛೇರಿಯ ಅಭಿಲೇಖಾಲಯದಿಂದ, ಗ್ರಾಮ, ಹೋಬಳಿ, ಸರ್ವೆ ನಂಬರು ಮತ್ತು ವರ್ಷಗಳನ್ನು ಕಾಣಿಸಿ ಅರ್ಜಿ ಕೊಟ್ಟು ಪಡೆಯಬೇಕು. ಈಚೆಗೆ ಭೂಸುರಕ್ಷಾ ಎಂಬ ಯೋಜನೆಯ ಮೇರೆಗೆ ಅಭಿಲೇಖಾಲಯಗಳ ಹಳೆಯ ಕಾಗದಗಳನ್ನು ಚಿತ್ರರೂಪದಲ್ಲಿ ಸಂಗ್ರಹಿಸುವ ಕೆಲಸವು ನಡೆದಿದೆ. ಕೈಬರಹದ ಪಹಣಿಯಿಂದ ಗಣಕಯಂತ್ರದ ಪಹಣಿಗೆ ಬರುವಾಗ ಹೆಸರು ಅಥವಾ ವಿಸ್ತೀರ್ಣವು ವ್ಯತ್ಯಾಸವಾಗಿರುವುದುಂಟು. ಆದುದರಿಂದ ಇವೆರಡನ್ನೂ ಪಕ್ಕದಲ್ಲಿಟ್ಟು ನೋಡತಕ್ಕದ್ದು.

ಇವುಗಳಿಗೂ ಹಿಂದೆ, ಮೈಸೂರು ಸಂಸ್ಥಾನದ 1927ರ ಹಕ್ಕುದಾಖಲೆಯ ಶಾಸನದ ಮೇರೆಗೆ ಬರೆದ ಇಂಡೆಕ್ಸ್ ಆಫ್ ಲ್ಯಾಂಡ್ಸ್ ಮತ್ತು ರೆಕಾರ್ಡ್ ಆಫ್ ರೈಟ್ಸ್ ಎಂಬ ರಿಜಿಸ್ಟರುಗಳಿವೆ. ಕಛೇರಿಗಳಲ್ಲಿ ಇವನ್ನು ಐ. ಎಲ್., ಆರ್. ಆರ್. ಎಂದು ಕರೆಯುವುದು ರೂಢಿ. ಒಂದು ಸರ್ವೆ ನಂಬರಿನ ಹಕ್ಕು ಯಾವ ಪತ್ರದ ಆಧಾರದಿಂದ ಯಾರಿಗೆ ಬಂದಿತೆಂಬುದು ಇವುಗಳಲ್ಲಿ ನಮೂದಾಗಿರುವುದರಿಂದ ಹಳೆಯ ಮೈಸೂರು ಸೀಮೆಯ ತಾಲ್ಲೂಕುಗಳಲ್ಲಿ ಇವು ಬಹಳ ಬೆಲೆಯುಳ್ಳವು.

3. ನೋಂದಣಿ ದಾಖಲೆಗಳು

ನಾಲ್ಕು ತಾಲ್ಲೂಕುಗಳ ಕೇಂದ್ರಸ್ಥಳಗಳಲ್ಲಿಯೂ ಸಬ್ ರಿಜಿಸ್ಟ್ರಾರ್ ಕಛೇರಿಗಳಿವೆ. 1908ರ ನೋಂದಣಿ ಶಾಸನದ ಮೇರೆಗೆ ಸ್ಥಿರಾಸ್ತಿಯ ಕ್ರಯ, ದಾನ, ವಿಭಾಗ, ಆಧಾರ ಮುಂತಾದ ಪತ್ರಗಳು ಒಂದನೆಯ ಪುಸ್ತಕದಲ್ಲಿ ನಕಲಾಗುತ್ತವೆ. ಜನರ ಹೆಸರಿನ ಕ್ರಮದಲ್ಲಿ ಒಂದು ಸೂಚಿಯೂ, ಸ್ವತ್ತಿನ ಕ್ರಮದಲ್ಲಿ ಮತ್ತೊಂದು ಸೂಚಿಯೂ ಇರುತ್ತವೆ. ಗೊತ್ತಾದ ಶುಲ್ಕವನ್ನು ಕೊಟ್ಟು ಯಾರು ಬೇಕಾದರೂ ಇವನ್ನು ನೋಡಬಹುದೆಂದು ಅದೇ ಶಾಸನದ 57ನೆಯ ಪ್ರಕರಣವು ವಿಧಿಸಿದೆ. ಇವುಗಳಿಂದ ತಯಾರಾಗುವುದೇ ಋಣಭಾರ ಪತ್ರ. 2004ರ ಏಪ್ರಿಲಿನಿಂದ ಈಚಿನ ವಿವರಗಳು ಕಾವೇರಿ ಎಂಬ ಗಣಕ ವ್ಯವಸ್ಥೆಯಲ್ಲಿ ದೊರೆಯುತ್ತವೆ. ಹಿಂದಿನದಕ್ಕೆ ಕಛೇರಿಯಲ್ಲಿ ಕೈಬರಹದ ಪುಸ್ತಕಗಳನ್ನು ಶೋಧಿಸಿ ಕೊಡಿಸಿಕೊಳ್ಳಬೇಕು.

ಋಣಭಾರ ಪತ್ರದಲ್ಲಿ ಏನೂ ಕಾಣದಿದ್ದರೆ ಜಮೀನು ನಿರ್ಬಾಧಕವೆಂದು ತಿಳಿಯುವುದು ತಪ್ಪು. ಬಾಯಿಮಾತಿನ ಪಾಲು, ನೋಂದಣಿಯಾಗದ ಉಯಿಲು, ಪೌತಿಯಿಂದ ಬಂದ ಹಕ್ಕು, ನ್ಯಾಯಾಲಯದಲ್ಲಿ ನಡೆಯುತ್ತಿರುವ ದಾವೆ, ಇವು ಯಾವುವೂ ಅದರಲ್ಲಿ ಕಾಣಬೇಕೆಂಬ ನಿಯಮವಿಲ್ಲ. ಆದುದರಿಂದ ಅದನ್ನು ಪಹಣಿಯ 11ನೆಯ ಅಂಕಣದೊಡನೆಯೂ, ಮ್ಯುಟೇಶನ್ ದಾಖಲೆಗಳೊಡನೆಯೂ ತಾಳೆ ನೋಡಬೇಕು. ಮತ್ತೊಂದು ಎಚ್ಚರಿಕೆ: ಜನರಲ್ ಪವರ್ ಆಫ್ ಅಟಾರ್ನಿ ಮತ್ತು ಕರಾರುಪತ್ರಗಳ ಮೂಲಕ ನಡೆಯುವ ವ್ಯವಹಾರವು ಕ್ರಯವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಸ್ಪಷ್ಟಪಡಿಸಿರುತ್ತದೆ. ಅಂತಹ ಪತ್ರವು ಸರಪಣಿಯ ನಡುವೆ ಬಂದರೆ ಅಲ್ಲಿ ಕೊಂಡಿಯು ಕಳಚಿದೆಯೆಂದೇ ತಿಳಿಯಬೇಕು.

4. ಅಳತೆಯ ದಾಖಲೆಗಳು

ಮೈಸೂರು ಸೀಮೆಯಲ್ಲಿ ಮುಂಬಯಿ ಪದ್ಧತಿಯ ಪೈಮಾಷಿಯು 1863ರಲ್ಲಿ ಆರಂಭವಾಯಿತು. 33 ಅಡಿ ಉದ್ದದ ಸರಪಣಿಯನ್ನು 16 ಆಣೆಗಳಾಗಿ ವಿಭಾಗಿಸಿ ಹೊಲಗಳನ್ನು ಅಳೆದರು. ಒಂದು ಸರಪಣಿ ಉದ್ದ, ಒಂದು ಸರಪಣಿ ಅಗಲದ ನೆಲವೇ ಒಂದು ಗುಂಟೆ, ಅಂದರೆ 1,089 ಚದರ ಅಡಿ; 40 ಗುಂಟೆಗೆ ಒಂದು ಎಕರೆ. ಆ ಅಳತೆಯ ಟಿಪ್ಪಣಿ, ಗ್ರಾಮದ ನಕ್ಷೆ, ಮತ್ತು ಪ್ರತಿಯೊಂದು ನಂಬರಿನ ವಿಸ್ತೀರ್ಣ, ಖರಾಬು, ಆಕಾರಗಳನ್ನು ತೋರಿಸುವ ಆಕಾರಬಂದು, ಇವು ಭೂಮಾಪನ ಇಲಾಖೆಯಲ್ಲಿ ಇರುತ್ತವೆ. ವಿಸ್ತೀರ್ಣದ ವಿಷಯದಲ್ಲಿ ಪಹಣಿಗಿಂತಲೂ ಇವನ್ನೇ ಮೊದಲು ನೋಡತಕ್ಕದ್ದು.

ಒಂದು ಸರ್ವೆ ನಂಬರಿನ ಎಲ್ಲ ಖಾತೆದಾರರ ವಿಸ್ತೀರ್ಣವನ್ನು ಪಹಣಿಯಿಂದ ಕೂಡಿ, ಆಕಾರಬಂದಿನೊಡನೆ ಹೋಲಿಸಬೇಕು. ಪಹಣಿಯ ಮೊತ್ತವು ಹೆಚ್ಚಾಗಿದ್ದರೆ ಇಲ್ಲದ ಭೂಮಿಯನ್ನು ಯಾರೋ ಮಾರಿದ್ದಾರೆಂದು ಅರ್ಥ. ಖರಾಬಿನಲ್ಲಿ ಎರಡು ಬಗೆಯುಂಟು. ಸಾಗುವಳಿಗೆ ಯೋಗ್ಯವಲ್ಲವೆಂದು ಬಿಟ್ಟದ್ದು ‘ಎ’ ಖರಾಬು. ದಾರಿ, ಹಳ್ಳ, ಕಾಲುವೆ, ಸ್ಮಶಾನ ಮುಂತಾದ ಸಾರ್ವಜನಿಕ ಉಪಯೋಗಕ್ಕಾಗಿ ಬಿಟ್ಟದ್ದು ‘ಬಿ’ ಖರಾಬು. ‘ಬಿ’ ಖರಾಬನ್ನು ಮಾರುವ ಅಧಿಕಾರವು ಯಾರಿಗೂ ಇಲ್ಲ. ಕೆರೆ ಕಾಲುವೆಗಳು ಹೇರಳವಾಗಿರುವ ಈ ಪ್ರಾಂತದಲ್ಲಿ ಇದನ್ನು ಮರೆಯಬಾರದು. ಹಿಸ್ಸೆಗಳು ಕಾಗದದಲ್ಲಿ ಮಾತ್ರವಿದ್ದು ಫೋಡಿಯಾಗದಿದ್ದರೆ, ಯಾರ ಪಾಲು ನೆಲದ ಮೇಲೆ ಎಲ್ಲಿದೆಯೆಂಬುದೇ ನಿಶ್ಚಯವಿಲ್ಲ.

5. ಮೂಲವನ್ನು ನಿರ್ಣಯಿಸುವುದು

ಸಾಮಾನ್ಯವಾಗಿ 30 ವರ್ಷಗಳ ದಾಖಲೆಗಳನ್ನು ನೋಡಿದರೆ ಸಾಕೆಂಬ ಮಾತು ರೂಢಿಯಲ್ಲಿದೆ. ನಮ್ಮ ತಾಲ್ಲೂಕುಗಳ ಮಟ್ಟಿಗೆ ಇದು ಸಾಲದು. ಕಾರಣವೇನೆಂದರೆ, ಇಲ್ಲಿಯ ಅನೇಕ ಹಿಡುವಳಿಗಳು ಹುಟ್ಟಿದ್ದು 1954ರಿಂದ 1980ರವರೆಗಿನ ಕಾಲದ ಶಾಸನಗಳಿಂದ. 30 ವರ್ಷಗಳ ಶೋಧವು ಆ ಹುಟ್ಟಿನ ಪತ್ರವನ್ನು ಮುಟ್ಟದೆಯೇ ನಿಂತುಬಿಡುತ್ತದೆ. ಹುಟ್ಟಿನ ಪತ್ರದಲ್ಲಿದ್ದ ಷರತ್ತಾದರೋ ಎಷ್ಟು ಕೈ ಬದಲಾದರೂ ಜಮೀನನ್ನು ಹಿಂಬಾಲಿಸುತ್ತದೆ. ಮುಖ್ಯವಾಗಿ ಮೂಲಗಳು ಐದು ವಿಧ.

(ಅ) ಪೂರ್ವಾರ್ಜಿತ ಹಿಡುವಳಿ. ಪೈಮಾಷಿಯ ಕಾಲದಿಂದಲೂ ಕಂದಾಯವನ್ನು ಕೊಡುತ್ತ ಬಂದ ಮನೆತನದ ಜಮೀನು. ಇದರಲ್ಲಿ ವಿಚಾರಿಸಬೇಕಾದದ್ದು ವಾರಸು ಮತ್ತು ಪಾಲು.

(ಆ) ಇನಾಂ ಜಮೀನು. ದೇವಾದಾಯ, ಧರ್ಮಾದಾಯ, ಜೋಡಿ ಗ್ರಾಮ, ಕಾಯಂಗುತ್ತ, ಕೆರೆಯ ನಿರ್ಮಾಣಕ್ಕಾಗಿ ಬಿಟ್ಟ ಕೊಡಗಿ, ಹೀಗೆ ಇವು ಹಲವು ಬಗೆ. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ 10ನೆಯ ಸಂಪುಟವಾದ ಕೋಲಾರ ಜಿಲ್ಲೆಯ ಶಾಸನಗಳಲ್ಲಿ ಇಂತಹ ದತ್ತಿಗಳು ಅನೇಕವಿವೆ. ಆದರೆ ಕಲ್ಲಿನ ಶಾಸನವು ಈಗಿನ ಹಕ್ಕಿಗೆ ಆಧಾರವಾಗಲಾರದು. 1954ರ ವೈಯಕ್ತಿಕ ಮತ್ತು ಸಂಕೀರ್ಣ ಇನಾಮುಗಳ ರದ್ದಿಯಾತಿ ಶಾಸನ, 1955ರ ಧಾರ್ಮಿಕ ಮತ್ತು ಧರ್ಮಾರ್ಥ ಇನಾಮುಗಳ ರದ್ದಿಯಾತಿ ಶಾಸನ ಇವುಗಳಿಂದ ಇನಾಂ ಜಮೀನುಗಳು ಸರ್ಕಾರಕ್ಕೆ ಸೇರಿ, ಕದೀಮ್ ಒಕ್ಕಲು ಮೊದಲಾದವರನ್ನು ಅಧಿಭೋಗದಾರರೆಂದು ನೋಂದಾಯಿಸಲಾಯಿತು. ಆ ಆಜ್ಞೆಯ ನಕಲೇ ಇಲ್ಲಿ ಮೂಲಪತ್ರ. ರದ್ದಿಯಾತಿಯ ತರುವಾಯ ಹಳೆಯ ಇನಾಂದಾರನು ಬರೆದುಕೊಟ್ಟ ಕ್ರಯಪತ್ರವನ್ನು ಬಹಳ ಎಚ್ಚರಿಕೆಯಿಂದ ನೋಡಬೇಕು.

(ಇ) ಗ್ರಾಮಾಧಿಕಾರದ ಇನಾಂ. ಪಟೇಲ, ಶಾನುಭೋಗ, ತೋಟಿ, ತಳವಾರ, ನೀರಗಂಟಿ ಇವರ ಚಾಕರಿಗಾಗಿ ಬಿಟ್ಟ ಜಮೀನುಗಳು 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಶಾಸನವು 1963ರ ಫೆಬ್ರವರಿ 1ರಂದು ಜಾರಿಗೆ ಬಂದಾಗ ಸರ್ಕಾರಕ್ಕೆ ಸೇರಿ, ಅರ್ಹರಿಗೆ ಮರುಮಂಜೂರಾದವು. ಮರುಮಂಜೂರಿಯ ಆಜ್ಞೆಯಿಲ್ಲದೆ ಇವುಗಳಲ್ಲಿ ಹಕ್ಕು ಪೂರ್ಣವಾಗದು.

(ಈ) ಗೇಣಿಯಿಂದ ಬಂದ ಜಮೀನು. ಭೂಸುಧಾರಣೆಯ ತಿದ್ದುಪಡಿಯಿಂದ 1974ರ ಮಾರ್ಚಿ 1ರಂದು ಗೇಣಿ ಜಮೀನುಗಳು ಸರ್ಕಾರಕ್ಕೆ ಸೇರಿದವು. ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಿ, ಭೂನ್ಯಾಯಮಂಡಳಿಯಲ್ಲಿ ಗೆದ್ದು, ನಮೂನೆ 10ರ ಅಧಿಭೋಗ ಪತ್ರವನ್ನು ಪಡೆದರು. ಇಂತಹ ಜಮೀನನ್ನು 15 ವರ್ಷಗಳವರೆಗೆ ಪರಭಾರೆ ಮಾಡಕೂಡದೆಂದು ನಿಬಂಧನೆಯಿತ್ತು. ಆ ಅವಧಿಯೊಳಗೆ ನಡೆದ ಕ್ರಯವಿದ್ದರೆ ಅದು ದೊಡ್ಡ ದೋಷ.

(ಉ) ದರಖಾಸ್ತಿನಿಂದ ಮಂಜೂರಾದ ಜಮೀನು. ಇದಕ್ಕೆ ಸಾಗುವಳಿ ಚೀಟಿಯೂ ಮಂಜೂರಾತಿ ಆಜ್ಞೆಯೂ ಮೂಲಪತ್ರಗಳು. ಮಂಜೂರಾದದ್ದು ಪರಿಶಿಷ್ಟ ಜಾತಿ ಅಥವಾ ಪರಿಶಿಷ್ಟ ಪಂಗಡದವರಿಗೆ ಆಗಿದ್ದರೆ, 1978ರ ಶಾಸನದ ಮೇರೆಗೆ, ಷರತ್ತನ್ನು ಮೀರಿಯೋ ಸರ್ಕಾರದ ಪೂರ್ವಾನುಮತಿಯಿಲ್ಲದೆಯೋ ನಡೆದ ಪರಭಾರೆಯು ಅಸಿಂಧುವಾಗಿ, ಜಮೀನು ಮೂಲ ಮಂಜೂರಾತಿದಾರನಿಗೆ ಅಥವಾ ಅವನ ವಾರಸುದಾರರಿಗೆ ಹಿಂತಿರುಗತಕ್ಕದ್ದು. ಹೀಗೆ ಮೊರೆಯಿಡುವುದಕ್ಕೆ ಕಾಲಮಿತಿಯಿಲ್ಲವೆಂದು 2023ರ ತಿದ್ದುಪಡಿಯು ವಿಧಿಸಿದೆ. ಆ ಮಂಜೂರಾತಿದಾರರ ಮಕ್ಕಳು ಮೊಮ್ಮಕ್ಕಳಿಗಂತೂ ಹಳೆಯ ಸಾಗುವಳಿ ಚೀಟಿಯೇ ದೊಡ್ಡ ಆಸ್ತಿ. ಅದನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು, ಕಳೆದಿದ್ದರೆ ದೃಢೀಕೃತ ನಕಲನ್ನು ತೆಗೆಸಬೇಕು.

6. ಒಂದು ನಿದರ್ಶನ

ಶಿಡ್ಲಘಟ್ಟ ತಾಲ್ಲೂಕಿನ ಒಂದು ಗ್ರಾಮದಲ್ಲಿ 4 ಎಕರೆ 20 ಗುಂಟೆಯ ಒಂದು ಸರ್ವೆ ನಂಬರು ಇದೆಯೆಂದು ಊಹಿಸಿಕೊಳ್ಳೋಣ. ಇದರಲ್ಲಿ 20 ಗುಂಟೆ ‘ಬಿ’ ಖರಾಬು. ಸಾಗುವಳಿ ಜಮೀನು 4 ಎಕರೆ. 1968ರಲ್ಲಿ ಅಣ್ಣತಮ್ಮಂದಿರು ವಿಭಾಗಪತ್ರವನ್ನು ನೋಂದಾಯಿಸಿ, ಪೂರ್ವದ 2 ಎಕರೆಯನ್ನು ಅಣ್ಣನೂ ಪಶ್ಚಿಮದ 2 ಎಕರೆಯನ್ನು ತಮ್ಮನೂ ಪಡೆದರು. 1999ರಲ್ಲಿ ತಮ್ಮನು ಉಯಿಲನ್ನು ಬರೆಯದೆ ಮೃತನಾಗಿ, 2001ರಲ್ಲಿ ಅವನ ಮಗನೊಬ್ಬನ ಹೆಸರಿಗೇ ಪೌತಿ ಖಾತೆಯಾಯಿತು. ಈಗ ಆ ಮಗನು 2 ಎಕರೆ 10 ಗುಂಟೆಯನ್ನು ಮಾರುವುದಕ್ಕೆ ಬಂದಿರುತ್ತಾನೆ. ಪಹಣಿಯಲ್ಲಿ ಅವನ ಹೆಸರಿದೆ, ಋಣಭಾರ ಪತ್ರದಲ್ಲಿ ಯಾವ ಸಾಲವೂ ಇಲ್ಲ. ಮೇಲುನೋಟಕ್ಕೆ ಎಲ್ಲವೂ ಸರಿಯಾಗಿದೆ.

ಆದರೆ ಆಕಾರಬಂದನ್ನು ನೋಡಿದರೆ, ಹೆಚ್ಚಿಗೆ ತೋರಿಸಿದ 10 ಗುಂಟೆಯು ಕಾಲುವೆಯ ಖರಾಬಿನ ಅರ್ಧವೆಂದು ಹೊರಪಡುತ್ತದೆ. ಪೌತಿ ಖಾತೆಯ ಕಡತವನ್ನು ನೋಡಿದರೆ, ಸತ್ತವನಿಗೆ ಹೆಂಡತಿಯೂ ಒಬ್ಬ ಮಗಳೂ ಉಂಟೆಂದು ತಿಳಿಯುತ್ತದೆ. 1956ರ ಹಿಂದೂ ಉತ್ತರಾಧಿಕಾರ ಶಾಸನದ ಮೇರೆಗೆ ಅವರೂ ಪ್ರಥಮವರ್ಗದ ವಾರಸುದಾರರು. ಖಾತೆಯಲ್ಲಿ ಹೆಸರಿಲ್ಲವೆಂಬ ಮಾತ್ರಕ್ಕೆ ಅವರ ಪಾಲು ಲುಪ್ತವಾಗುವುದಿಲ್ಲ. ಮಗಳು ಹಿಂದೂಪುರದ ಕಡೆಗೋ ಮದನಪಲ್ಲಿಯ ಕಡೆಗೋ ಲಗ್ನವಾಗಿ ಹೋಗಿರಬಹುದು. ಆದರೂ ಅವಳ ರುಜುವಿಲ್ಲದೆ ಪಡೆದ ಕ್ರಯಪತ್ರವು ಅವಳ ಪಾಲಿಗೆ ತಗಲಲಾರದು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಜನ್ಮದಿಂದಲೇ ಹಕ್ಕನ್ನು ನಮ್ಮ ರಾಜ್ಯವು 1994ರ ತಿದ್ದುಪಡಿಯಿಂದ, ಆಗ ಅವಿವಾಹಿತರಾಗಿದ್ದವರಿಗೆ, ಕೊಟ್ಟಿತು. ಕೇಂದ್ರ ಶಾಸನವು 2005ರಲ್ಲಿ ಅದನ್ನು ವಿಸ್ತರಿಸಿತು. ತಂದೆಯು 2005ಕ್ಕೆ ಮೊದಲೇ ಮೃತನಾಗಿದ್ದರೂ ಹಕ್ಕು ಉಂಟೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ತೀರ್ಮಾನಿಸಿತು. ಆದುದರಿಂದ ವಂಶವೃಕ್ಷವನ್ನು ಗಂಡುಮಕ್ಕಳ ಹೆಸರುಗಳಿಂದ ಮಾತ್ರ ತುಂಬುವುದು ಅನ್ಯಾಯವೂ ಹೌದು, ಅವಿವೇಕವೂ ಹೌದು.

7. ಹಳೆಯ ಪತ್ರಗಳನ್ನು ಓದುವಾಗ ಗಮನಿಸತಕ್ಕ ಅಂಶಗಳು

ಚಿಕ್ಕಬಳ್ಳಾಪುರವು ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. ಅದಕ್ಕೆ ಹಿಂದಿನ ಪತ್ರಗಳಲ್ಲೆಲ್ಲ ಕೋಲಾರ ಜಿಲ್ಲೆಯೆಂದೇ ಇರುತ್ತದೆ. ಮಂಚೇನಹಳ್ಳಿಯ ಕಡೆಯ ಗ್ರಾಮಗಳು ಹಳೆಯ ದಾಖಲೆಗಳಲ್ಲಿ ಗೌರಿಬಿದನೂರು ತಾಲ್ಲೂಕಿಗೆ ಸೇರಿರುತ್ತವೆ. ಒಂದೇ ಹೆಸರಿನ ಗ್ರಾಮಗಳು ಅನೇಕವಿರುವುದರಿಂದ ಹೋಬಳಿಯನ್ನು ತಪ್ಪದೆ ನೋಡಬೇಕು. ಜನವಸತಿಯಿಲ್ಲದ ಬೇಚರಾಕ್ ಗ್ರಾಮಗಳಿಗೆ ಪ್ರತ್ಯೇಕ ಸರ್ವೆ ನಂಬರುಗಳಿರುವುದನ್ನೂ ಮರೆಯಬಾರದು.

ಪೈಮಾಷಿಗೆ ಹಿಂದಿನ ಪತ್ರಗಳಲ್ಲಿ ವಿಸ್ತೀರ್ಣವನ್ನು ಇಷ್ಟು ಖಂಡುಗ, ಇಷ್ಟು ಕೊಳಗ ಬಿತ್ತನೆಯ ಭೂಮಿಯೆಂದು ಬರೆಯುತ್ತಿದ್ದರು. 20 ಕೊಳಗಕ್ಕೆ ಒಂದು ಖಂಡುಗವಾದರೂ, ತರಿಗೂ ಖುಷ್ಕಿಗೂ ಅದರ ವಿಸ್ತೀರ್ಣವು ಬೇರೆ; ಆದುದರಿಂದ ಚಕ್ಕುಬಂದಿಯಿಂದಲೇ ಜಮೀನನ್ನು ಗುರುತಿಸಬೇಕು. ಕೆಲವು ಮನೆಗಳಲ್ಲಿ ತೆಲುಗು ಲಿಪಿಯ ಪತ್ರಗಳಿರುವುದೂ ಉಂಟು. ಸಂವತ್ಸರದ ಹೆಸರು ಮಾತ್ರವಿದ್ದರೆ ಮೋಸಹೋಗುವ ಸಂಭವವಿದೆ. ಅದು 60 ವರ್ಷಗಳಿಗೊಮ್ಮೆ ಮರಳಿ ಬರುತ್ತದೆ. ಪ್ರಭವವು 1927-28ರಲ್ಲಿಯೂ ಬಂದಿತು, 1987-88ರಲ್ಲಿಯೂ ಬಂದಿತು. ನೋಂದಣಿಯ ಸಂಖ್ಯೆ ಮತ್ತು ವರ್ಷಗಳೊಡನೆ ಇದನ್ನು ತಾಳೆ ನೋಡತಕ್ಕದ್ದು.

8. ದೋಷವು ಕಂಡುಬಂದರೆ

ಬರವಣಿಗೆಯ ತಪ್ಪಾದರೆ ಮೂಲದಾಖಲೆಗಳ ನಕಲನ್ನು ಲಗತ್ತಿಸಿ ತಹಸೀಲ್ದಾರರಿಗೆ ಅರ್ಜಿ ಕೊಡಬೇಕು. ಖಾತೆ ಬದಲಾವಣೆಯ ಆಜ್ಞೆಯೇ ತಪ್ಪೆಂದು ತೋರಿದರೆ ಭೂಕಂದಾಯ ಶಾಸನದ 136ನೆಯ ಪ್ರಕರಣದ ಮೇರೆಗೆ ಉಪವಿಭಾಗಾಧಿಕಾರಿಗಳಿಗೆ ಮೇಲ್ಮನವಿ ಉಂಟು. ಅನಂತರ ಜಿಲ್ಲಾಧಿಕಾರಿಗಳ ಮುಂದೆ ಪುನರ್ವಿಮರ್ಶೆ ಉಂಟು. ಸ್ವಾಮ್ಯದ ವಿವಾದವನ್ನು ತೀರ್ಮಾನಿಸುವ ಅಧಿಕಾರವು ಸಿವಿಲ್ ನ್ಯಾಯಾಲಯದ್ದು. ಹದ್ದಿನ ವಿವಾದಕ್ಕೆ ಹದ್ದುಬಸ್ತಿಗಾಗಿ ಅರ್ಜಿ ಕೊಟ್ಟು, ನೆರೆಯವರ ಸಮಕ್ಷಮದಲ್ಲಿ ಅಳೆಸಿ, ಬಾಂದುಕಲ್ಲುಗಳನ್ನು ನೆಡಿಸಿಕೊಳ್ಳುವುದು ಉತ್ತಮ.

ಮಾರುವ ಉದ್ದೇಶವಿಲ್ಲದ ರೈತರೂ ಈ ಕೆಲಸವನ್ನು ಮುಂದಕ್ಕೆ ಹಾಕಬಾರದು. ಮೃತರಾದ ಅಜ್ಜನ ಹೆಸರಿನಲ್ಲಿಯೇ ಪಹಣಿ ಉಳಿದಿದ್ದರೆ ಬ್ಯಾಂಕಿನ ಸಾಲವಾಗಲಿ, ಬೆಳೆನಷ್ಟದ ಪರಿಹಾರವಾಗಲಿ, ಭೂಸ್ವಾಧೀನದ ಹಣವಾಗಲಿ ಸುಲಭವಾಗಿ ಕೈಗೆ ಬರುವುದಿಲ್ಲ. ಹಳೆಯ ವಿಷಯಗಳನ್ನು ಬಲ್ಲ ಹಿರಿಯರು ಇರುವಾಗಲೇ ವಂಶವೃಕ್ಷವನ್ನು ಬರೆಸಿ, ಎಲ್ಲ ಪಾಲುದಾರರ ಒಪ್ಪಿಗೆಯಿಂದ ಖಾತೆಯನ್ನು ಸರಿಮಾಡಿಸಿಕೊಳ್ಳಬೇಕು. ಸುಗ್ಗಿಯು ಮುಗಿದು ಕೈ ಬಿಡುವಾದಾಗ, ಮನೆಯ ಪೆಟ್ಟಿಗೆಯಲ್ಲಿರುವ ಕಾಗದಗಳನ್ನು ಹೊರಗೆ ತೆಗೆದು, ವರ್ಷಾನುಕ್ರಮವಾಗಿ ಜೋಡಿಸಿ, ಯಾವ ಕೊಂಡಿ ಇಲ್ಲವೆಂಬುದನ್ನು ಒಂದು ಹಾಳೆಯಲ್ಲಿ ಗುರುತು ಹಾಕಿಕೊಳ್ಳುವುದು ಇದಕ್ಕೆ ಪ್ರಥಮ ಕಾರ್ಯ. ಆ ಹಾಳೆಯನ್ನು ಹಿಡಿದುಕೊಂಡು ತಾಲ್ಲೂಕು ಕಛೇರಿಗೆ ಹೋದ ರೈತನಿಗೆ ಯಾವ ನಕಲನ್ನು ಕೇಳಬೇಕೆಂಬುದು ಗೊತ್ತಿರುತ್ತದೆ. ಮಧ್ಯವರ್ತಿಗಳ ಹಂಗೂ ಅವನಿಗೆ ಇರುವುದಿಲ್ಲ.